ಹೂಂಗುಟ್ಟುವವರನ್ನು ಅಳಿಸಬೇಡಿ

ಅಮೆರಿಕದ ಸ್ಯಾನ್ ಹೋಸೆಯ ಬೆರ್ರಿಯೆಸಾ ಬಡಾವಣೆಯಲ್ಲಿ, ಮನೆಯೊಂದರ ಗ್ಯಾರೇಜಿನಲ್ಲಿ, ಬೆಳಕು ಹರಿಯುವ ಮುನ್ನವೇ, ಫಮೂಸಾ ಸುಮಾನೋ ಗಿಟಾರಿನ ತಂತಿ ಬಿಗಿಯುತ್ತಿದ್ದಾರೆ. ಎದುರಿನ ಸ್ಟೂಲಿನ ಮೇಲೆ ಫೋನು, ಅದರ ಮುಂದೊಂದು ಮೈಕು. ಫೋನಿನ ಆಚೆ, ಮಾಲಿ ದೇಶದ ಕಿತಾ ಪಟ್ಟಣದಲ್ಲಿ, ಆಗಲೇ ಮಧ್ಯಾಹ್ನ. ಅಣ್ಣ ಸಿರಿಮಾನ್ ಗೊಣಗುತ್ತಿದ್ದಾರೆ. ಫಮೂಸಾ ಅದನ್ನು ನಮಗೆ ತಿಳಿಸುತ್ತಾರೆ: "ಈ ಸಲವೂ ತನ್ನ ದನಿಯನ್ನು ಅಳಿಸಿದರೆ ಇನ್ನು ಫೋನೇ ಎತ್ತುವುದಿಲ್ಲವಂತೆ."

ಸುಮಾನೋ ಮನೆತನದ್ದು ತಲೆತಲಾಂತರದಿಂದ ಕಥೆ ಹಾಡುವ ಕಾಯಕ. ತಂದೆ ಮರದ ಪುಟ್ಟ ತಂತಿವಾದ್ಯದಲ್ಲಿ ನುಡಿಸುತ್ತಿದ್ದುದನ್ನು ಫಮೂಸಾ ಗಿಟಾರಿಗೆ ತಂದರು. ಇಲ್ಲಿಗೆ ಬಂದ ಮೇಲೆ ಅದಕ್ಕೆ ಬ್ಲೂಸ್ ಸಂಗೀತದ ನಡೆಯನ್ನೂ ಬೆರೆಸಿದರು. ಹಗಲು ಸ್ಯಾನ್ ಹೋಸೆಯ ಅಂಗಡಿಯಲ್ಲಿ ಗಿಟಾರ್ ರಿಪೇರಿ, ಸಂಜೆ ರೆಸ್ಟೋರೆಂಟುಗಳಲ್ಲಿ ವಾದನ. ಅಲ್ಲಿ ಊಟಕ್ಕೆ ಕುಳಿತವರದು ಒಂದೇ ಪ್ರಶ್ನೆ: ಡ್ರಮ್ ಎಲ್ಲಿ? "ಡೋಲು ಬಾರಿಸುವವನು ನನ್ನ ಭಾವ. ವೀಸಾ ಕೊಡಿಸಿ, ಕರೆಸುತ್ತೇನೆ" ಎಂದು ಅವರು ರೇಗುತ್ತಾರೆ.

ಆದರೆ ಈಗಿನ ರೇಗಾಟಕ್ಕೆ ಕಾರಣ ಬೇರೆ. ಮಾಲಿಯಲ್ಲಿ ಕಥೆ ಹಾಡುವಾಗ ಪ್ರತಿ ಸಾಲಿನ ಕೊನೆಗೆ ಎದುರು ಕುಳಿತವರು "ನಾಮು" ಎನ್ನಬೇಕು, ನಮ್ಮಲ್ಲಿ ಹೂಂಗುಟ್ಟುವಂತೆ. ಇಲ್ಲಿ ಆ ಕೆಲಸ ಫೋನಿನಲ್ಲಿರುವ ಸಿರಿಮಾನರದು. ತಂದೆಯ ಕಥೆಯೊಂದನ್ನು ಪ್ರಸಾರ ಮಾಡಲು ಕಿತಾದ ರೇಡಿಯೋ ಒಪ್ಪಿದೆ. "ನಾಮು ಇಲ್ಲದೆ ಹೋದರೆ, ಅಮೆರಿಕದಲ್ಲಿ ಫಮೂಸಾಗೆ ತಲೆ ಕೆಟ್ಟಿದೆ, ಒಬ್ಬನೇ ಮಾತಾಡುತ್ತಾನೆ ಎನ್ನುತ್ತಾರೆ ಊರವರು" ಎನ್ನುತ್ತಾರೆ ಫಮೂಸಾ.

ಗ್ಯಾರೇಜಿನ ಒಡೆಯ ಕಾರ್ತಿಕ್ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನ ಉದ್ಯೋಗಿ. ಧ್ವನಿಮುದ್ರಣ ಅವರ ಹವ್ಯಾಸ. ಈ ಹಿಂದೆ ಮುದ್ರಿಸಿದ ಎರಡು ಸಲವೂ ಸಿರಿಮಾನರ ದನಿ ಮಾಯವಾದದ್ದು ಅವರ ಕೈಯಿಂದಲೇ. "ಮೊದಲ್ನೇ ಸಲ ಬ್ಯಾಕ್‌ಗ್ರೌಂಡ್ ನಾಯ್ಸು ಅಂದ್ಕೊಂಡು ನಾನೇ ತೆಗೆದೆ. ಎರಡನೇ ಸಲ ಸಾಫ್ಟ್‌ವೇರೇ ಕ್ಲೀನ್ ಮಾಡ್ಬಿಡ್ತು ಸಾರ್."

ಉಡುಪಿಯಿಂದ ಬಂದಿರುವ ತಾಯಿ ವಿಮಲಾ ಸುಮ್ಮನಿರುವುದಿಲ್ಲ. "ಎಂಥ ನಾಯ್ಸು ಮಾರಾಯ? ಸಣ್ಣವನಿರುವಾಗ ನೀನು ಹೂಂ ಹೇಳದಿದ್ರೆ ನಾನು ಕಥೆ ನಿಲ್ಲಿಸ್ತಿರ್ಲಿಲ್ವಾ?"

"ನಂಗೆ ನಿದ್ದೆ ಬಂದ್ಬಿಡ್ತಿತ್ತಮ್ಮ."

"ಹಾಗೇ ಆಗ್ಬೇಕು. ಒಂದು ಕಥೆಯ ಕೊನೆಯಾದ್ರೂ ಗೊತ್ತುಂಟಾ ನಿಂಗೆ?"

ಮೂರನೆಯ ಮುದ್ರಣ ಆರಂಭವಾಗುತ್ತದೆ. ಕಥೆಯಲ್ಲಿ ಬೇಟೆಗಾರನ ಹೆಂಡತಿ ತುಂಬಿದ ಹೊಳೆಗೆ ಇಳಿಯುತ್ತಾಳೆ. ಅಷ್ಟರಲ್ಲಿ ಫೋನು ಕಡಿದುಹೋಗುತ್ತದೆ. ಫಮೂಸಾರ ಬೆರಳು ನಿಲ್ಲುತ್ತದೆ. ನುಡಿಸುತ್ತಲೇ ಇರಿ, ಆಮೇಲೆ ಸೇರಿಸೋಣ ಎಂದು ಕಾರ್ತಿಕ್ ಸನ್ನೆ ಮಾಡುತ್ತಾರೆ. "ಅವಳು ನೀರಿನಲ್ಲಿ ನಿಂತಿದ್ದಾಳೆ! ಉತ್ತರ ಬಾರದೆ ನಾನು ಹೇಗೆ ದಾಟಿಸಲಿ?" ಎಂದು ಫಮೂಸಾ ಸಿಡಿಯುತ್ತಾರೆ. ಸಿಟ್ಟಿನಲ್ಲೇ ಆ ಸಾಲನ್ನು ಮತ್ತೊಮ್ಮೆ ಹಾಡುತ್ತಾರೆ.

"ಹೂಂ" ಎನ್ನುತ್ತಾರೆ ವಿಮಲಾ.

ಫಮೂಸಾ ಅವರತ್ತ ತಿರುಗಿ ಕೂತು ಮುಂದಿನ ಸಾಲು ಎತ್ತಿಕೊಳ್ಳುತ್ತಾರೆ. ಹೆಂಗಸು ನಡುಹೊಳೆಗೆ ಬರುವ ಹೊತ್ತಿಗೆ ಫೋನು ಮತ್ತೆ ಕೂಡುತ್ತದೆ. ನನ್ನ ಜಾಗದಲ್ಲಿ ಯಾರದು ಎಂಬುದೇ ಸಿರಿಮಾನರ ಮೊದಲ ಪ್ರಶ್ನೆ. ಅಣ್ಣತಮ್ಮಂದಿರ ವಾಗ್ವಾದವನ್ನು ಫಮೂಸಾ ಆಮೇಲೆ ನಮಗೆ ಬಿಡಿಸಿ ಹೇಳಿದರು.

"ಕಾರ್ತಿಕ್‌ನ ತಾಯಿ."

"ಅವರಿಗೆ ನಮ್ಮ ಭಾಷೆ ತಿಳಿಯುತ್ತದೆಯೇ?"

"ಒಂದಕ್ಷರವೂ ಇಲ್ಲ. ಆದರೆ ಸರಿಯಾದ ಕಡೆಯೇ ಹೇಳಿದರು."

"ಹಾಗಾದರೆ ಅವರನ್ನೂ ಅಳಿಸಬಾರದೆಂದು ಆ ಹುಡುಗನಿಗೆ ಹೇಳು."

ಕಥೆ ಮುಗಿದಾಗ ಕಾರ್ತಿಕ್‌ಗೆ ಆಫೀಸಿನ ಹೊತ್ತು ಮೀರಿರುತ್ತದೆ. ಇನ್ನೇನು ಆಸೆಯಿದೆ ಎಂದು ನಾವು ಕೇಳಿದರೆ ಫಮೂಸಾ ಗಿಟಾರನ್ನು ಚೀಲಕ್ಕೆ ಇಳಿಸುತ್ತ ಹೇಳುತ್ತಾರೆ: "ರೇಡಿಯೋದವರು ನನ್ನ ಹೆಸರು ತಪ್ಪಾಗಿ ಹೇಳಿದರೂ ಚಿಂತೆಯಿಲ್ಲ. ನನಗೆ ಉತ್ತರಿಸಲು ಇಬ್ಬರಿದ್ದರು ಎನ್ನುವುದು ಊರಿಗೆ ಕೇಳಿಸಬೇಕು."