ನಕ್ಷೆಯ ಮೂಲೆಯ ಬೂದು ಬಣ್ಣ

“ನಕ್ಷೆ ಅಂದ್ರೆ ಎಲ್ಲರೂ ಗೆರೆ ನೋಡ್ತಾರೆ. ಗೆರೆ ಎಳೆಯೋದು ನಂಗೆ ನೀರು ಕುಡಿದಷ್ಟು ಸಲೀಸು. ಆದ್ರೆ ಹಾಳೆಯ ಬಲಗಡೆ, ಕೆಳಗಿನ ಮೂಲೇಲಿ ಒಂದು ಚೌಕ ಇರತ್ತೆ ನೋಡಿ, ಅದರಲ್ಲಿರೋದು ಆ ನಕ್ಷೆಯ ಹೆಸರು-ಕುಲ ಎಲ್ಲಾ. ಯಾವ ಕಟ್ಟಡದ್ದು, ಯಾವ ಭಾಗದ್ದು, ಯಾವತ್ತು ಬರೆದದ್ದು, ಬರೆದೋರು ಯಾರು. ಅದು ತಪ್ಪಿದ್ರೆ ಗೆರೆ ಎಷ್ಟು ನೆಟ್ಟಗಿದ್ದು ಏನು ಬಂತು? ಬೇರೆಯವರ ಮಗೂನ ಎತ್ಕೊಂಡು ಮನೆಗೆ ಬಂದ ಹಾಗೆ. ನಾವು ಕೆಲಸ ಕಲ್ತಾಗ ಎಲ್ಲಾ ಕೈಯಲ್ಲೇ. ಟ್ರೇಸಿಂಗ್ ಹಾಳೆ, ಇಂಕ್ ಪೆನ್ನು. ತಪ್ಪಾದ್ರೆ ಉಸಿರು ಬಿಗಿ ಹಿಡ್ಕೊಂಡು, ಹಾಳೆ ತೂತಾಗದ ಹಾಗೆ ಬ್ಲೇಡಲ್ಲಿ ಹೆರೀಬೇಕು. ಈಗ ನಾನು ಬರೀದೇ ಇದ್ರೂ ಫೈಲಿನ ಹೆಸರು ಮೂಲೆಗೆ ತಾನೇ ಬಂದು ಕೂರತ್ತೆ. ಅದನ್ನ ಹೇಳಿಕೊಟ್ಟ ಪುಣ್ಯಾತ್ಗಿತ್ತಿ ಚೆನ್ನಾಗಿರ್ಲಿ. ಕಬ್ಬಿಣ ಕತ್ತರಿಸ್ತಿದ್ದ ಕೈ ನಿಲ್ಲಿಸಿ ಫೋನ್ ಮಾಡಿದ ಆ ಅಣ್ಣನೂ ಚೆನ್ನಾಗಿರ್ಲಿ.”

ಹೀಗೆ ಹೇಳುವವಳಿಗೆ ಆಫೀಸಿನಲ್ಲಿ ಬ್ಲೇಡಕ್ಕ ಎಂದೇ ಹೆಸರು. ಬ್ಲೇಡಿನ ಕಾಲ ಮುಗಿದು ಎಷ್ಟೋ ವರ್ಷವಾಗಿದ್ದರೂ ಅದರ ಕತೆ ಅವಳ ಬಾಯಲ್ಲಿ ಮುಗಿಯುತ್ತಿರಲಿಲ್ಲ, ಅದಕ್ಕೆ. ಅತ್ತೆ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟವಳು, ಅತ್ತೆಯನ್ನು ಕೊನೆಯವರೆಗೂ ನೋಡಿಕೊಂಡು, ಮನೆ ಭಣಗುಡತೊಡಗಿದ ಮೇಲೆ ಮತ್ತೆ ಕೆಲಸ ಹುಡುಕಿ ಹೊರಟಳು. ಅಷ್ಟರಲ್ಲಿ ಜಗತ್ತು ಹಾಳೆಯಿಂದ ಪರದೆಗೆ ದಾಟಿತ್ತು. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಕ್ಷೆ ಬರೆಯುವ ಆಫೀಸೊಂದಿತ್ತು; ಅದನ್ನು ನಡೆಸುವ ಮೇಡಂ ಅವಳನ್ನು ಸೇರಿಸಿಕೊಂಡರು, ಆದರೆ ನೋಡೋಣ ಎನ್ನುವ ಲೆಕ್ಕದಲ್ಲಿ. ಹೊಂದಿಕೊಂಡರೆ ಕಾಯಂ, ಇಲ್ಲವಾದರೆ ದೊಡ್ಡ ನಮಸ್ಕಾರ. ಬ್ಲೇಡಕ್ಕನಿಗೆ ಆ ಕೆಲಸ ಉಳಿಯಲೇಬೇಕಿತ್ತು. ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೊರಡುವುದಕ್ಕೆ ಒಂದು ಜಾಗ ಬೇಕು ಎಂದು ಅವಳ ಜೀವ ಹಾತೊರೆಯುತ್ತಿತ್ತು.

ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದನ್ನು ಕಲಿತಳು, ಆದರೆ ಹೊಸ ಯಂತ್ರದಲ್ಲೂ ಅವಳದು ಹಳೇ ಕೈ. ಒಂದು ನಕ್ಷೆ ಮುಗಿದರೆ ಅದರ ಫೈಲನ್ನೇ ನಕಲು ಮಾಡಿ, ಬೇರೆ ಹೆಸರಿಟ್ಟು, ಗೆರೆ ತಿದ್ದಿ, ಆಮೇಲೆ ಮೂಲೆಯ ಚೌಕದಲ್ಲಿ ಹಳೇ ಹೆಸರು ಅಳಿಸಿ ಹೊಸದನ್ನು ಟೈಪು ಮಾಡುತ್ತಿದ್ದಳು. ಒಂದು ಮನೆಗೆ ಎರಡು ಕಬ್ಬಿಣದ ಮೆಟ್ಟಿಲು ಬೇಕಿತ್ತು, ಮುಂದಕ್ಕೊಂದು, ಹಿಂದಕ್ಕೊಂದು. ಹಿಂದಿನದು ಗಿಡ್ಡ. ಎರಡನ್ನೂ ಮುಗಿಸಿ ವರ್ಕ್‌ಶಾಪಿಗೆ ಕಳಿಸಿದಳು.

ಮಧ್ಯಾಹ್ನ ವೆಲ್ಡರ್ ಅಣ್ಣನ ಫೋನು.

“ಅಕ್ಕಾ, ಈ ಮನೆಯವ್ರು ಮುಂದೇನೇ ಹತ್ತಿ ಮುಂದೇನೇ ಇಳೀತಾರಾ?”

“ಯಾಕಣ್ಣಾ?”

“ಎರಡು ಹಾಳೇಲೂ ‘ಮುಂದಿನ ಮೆಟ್ಟಿಲು’ ಅಂತಾನೇ ಇದೆ. ಎರಡನೇದು ತಿದ್ದಿ ಕಳ್ಸಿದ್ದು ಅಂದ್ಕೊಂಡು ಮೊದಲನೇದನ್ನ ಆಚೆಗಿಟ್ಟೆ. ಒಂದು ಪಟ್ಟಿ ಕತ್ತರಿಸಿದ್ಮೇಲೆ ಯಾಕೋ ಗಿಡ್ಡ ಅನ್ನಿಸ್ತು. ಕೈ ಮುಂದಕ್ಕೆ ಹೋಗ್ಲಿಲ್ಲ.”

ಬ್ಲೇಡಕ್ಕ ತಟ್ಟನೆ ಫೈಲು ತೆರೆದು ನೋಡಿದಳು. ಫೈಲಿನ ಹೆಸರು ಬದಲಿಸಿದ್ದಳು, ಗೆರೆ ಬದಲಿಸಿದ್ದಳು, ಮೂಲೆಯನ್ನು ಮರೆತಿದ್ದಳು.

“ನಿಲ್ಸಿ ಅಣ್ಣಾ! ಅದು ಹಿಂದಿಂದು!”

“ಹಾಗಾದ್ರೆ ಬಚಾವ್. ಕತ್ತರಿಸಿದ ಪಟ್ಟಿ ಹಿಂದಿಂದಕ್ಕೇ ಆಯ್ತು, ಬಿಡಿ.”

ಅವಳು ನೇರವಾಗಿ ಮೇಡಂ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಮೇಡಂ ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿಮ್ಮ ಗೆರೆ ಬಗ್ಗೆ ನಂದು ಎರಡು ಮಾತಿಲ್ಲ. ಆದ್ರೆ ಮುಂದೆ ಬರ್ತಿರೋದು ಶಾಲೆ ಕಟ್ಟಡದ ಕೆಲಸ, ಹಾಳೆಗಳ ರಾಶಿ. ಅದರಲ್ಲೂ ಹೀಗಾದ್ರೆ ನಿಮ್ಮನ್ನ ಇಟ್ಕೊಳ್ಳೋಕೆ ನನ್ನಿಂದಾಗಲ್ಲ.”

ಜಾಗಕ್ಕೆ ಬಂದು ಕೂತವಳ ಮುಖ ನೋಡಿ ಪಕ್ಕದ ಮೇಜಿನವಳು ಕುರ್ಚಿ ಎಳೆದುಕೊಂಡು ಬಂದಳು. ಅರಳು ಹುರಿದ ಹಾಗೆ ಮಾತಾಡುವ ಅವಳಿಗೆ ಪಟಪಟಿ ಎಂದೇ ಹೆಸರು.

“ಅಕ್ಕ, ನೀವು ಕಂಪ್ಯೂಟರನ್ನೂ ಕಾಗದ ಅಂದ್ಕೊಂಡಿದ್ದೀರಿ. ಫೈಲಿಗೆ ಒಂದ್ಸಲ, ಮೂಲೆಗೆ ಒಂದ್ಸಲ, ಎರಡೆರಡು ಸಲ ನಾಮಕರಣ ಯಾಕೆ?”

“ಮತ್ತೆ ಬರೀದೇ ಬರತ್ತೇನೇ?”

“ಬರತ್ತೆ. ಸರೀರಿ ಆ ಕಡೆ.”

ಪಟಪಟಿ ಮೂಲೆಯಲ್ಲಿ ಟೈಪು ಮಾಡಿದ್ದನ್ನು ಅಳಿಸಿ, ಅಲ್ಲಿ ‘ಫೀಲ್ಡ್’ ಎನ್ನುವುದನ್ನು ಸೇರಿಸಿ, ಫೈಲಿನ ಹೆಸರನ್ನು ಅದಕ್ಕೆ ಜೋಡಿಸಿದಳು. ಹೆಸರು ಬಂತು. ಅಕ್ಷರದ ಹಿಂದೆ ತೆಳುವಾಗಿ ಬೂದು ಬಣ್ಣವೂ ಬಂತು.

“ಇದೇನೇ, ಕಲೆ ಬಿದ್ದ ಹಾಗಿದೆ?”

“ಪ್ರಿಂಟಲ್ಲಿ ಬರಲ್ಲ. ಇದು ಕೈಯಲ್ಲಿ ಬರೆದದ್ದಲ್ಲ, ಫೈಲಿಂದ ಬಂದದ್ದು ಅಂತ ನಮಗೆ ಗುರುತು. ಈಗ ಬೇರೆ ಹೆಸರಲ್ಲಿ ಸೇವ್ ಮಾಡಿ.”

ಮಾಡಿದಳು. ಮೂಲೆಯಲ್ಲಿ ಹಳೇ ಹೆಸರೇ ಕೂತಿತ್ತು.

“ನೋಡಿದ್ಯಾ? ಇದಕ್ಕೂ ನನ್ನ ಹಾಗೇ ಮರೆವು!”

“ಪಾಪ, ಅದಕ್ಕೂ ಸ್ವಲ್ಪ ಉಸಿರಾಡೋಕೆ ಬಿಡಿ. ‘ರೀಜೆನ್’ ಅಂತ ಕೊಟ್ಟು ಪರದೇನ ಒಂದ್ಸಲ ಹೊಸದಾಗಿ ಬರೆಸಿ.”

ಪರದೆ ಮಿಟುಕಿತು. ಮೂಲೆಯಲ್ಲಿ ಹೊಸ ಹೆಸರು ಕೂತಿತ್ತು. ಬ್ಲೇಡಕ್ಕ ಬಾಯಿ ಬಿಟ್ಟುಕೊಂಡು ನೋಡಿದಳು. ಆಮೇಲೆ ತಾನೇ ಬೇರೆ ಬೇರೆ ಹೆಸರಿಟ್ಟು, ಅದು ಬದಲಾಗುವುದನ್ನು ಮತ್ತೆ ಮತ್ತೆ ನೋಡಿದಳು. ಫೈಲಿನೊಳಗೆ ವಿವರದ ಪುಟವೊಂದಿದೆ, ಕಟ್ಟಡದ ಹೆಸರು, ಬರೆದವರ ಹೆಸರು ಎಲ್ಲವನ್ನೂ ಅಲ್ಲಿ ಒಮ್ಮೆ ತುಂಬಿದರೆ ಸಾಕು, ಅವನ್ನೂ ಮೂಲೆಗೆ ಜೋಡಿಸಬಹುದು ಎಂದು ಪಟಪಟಿ ಹೇಳಿಕೊಟ್ಟಳು. ಕೇಳಿದ್ದನ್ನೇ ಎಷ್ಟು ಸಲ ಕೇಳಿದರೂ ಅವಳು ಮುಖ ಸಿಂಡರಿಸಲಿಲ್ಲ. “ಒಂದೇ ಮಾತು ನೆನಪಿಡಿ ಅಕ್ಕ, ಆ ಬೂದಿನ ಮೇಲೆ ಕೈಯಾರೆ ಟೈಪು ಮಾಡಿದ್ರೋ, ಜೋಡಣೆ ಕಿತ್ತುಹೋಗತ್ತೆ” ಎಂದಳು.

ಶಾಲೆಯ ಕೆಲಸ ಬಂತು. ಬಾಗಿಲು, ಕಿಟಕಿ, ಮೆಟ್ಟಿಲು, ಒಂದೊಂದಕ್ಕೂ ಒಂದೊಂದು ಹಾಳೆ. ಎಲ್ಲ ಸಿದ್ಧವಾಗಿ, ತೆಗೆದುಕೊಂಡು ಹೋಗುವವನೂ ಬಂದು ಬಾಗಿಲಲ್ಲಿ ನಿಂತಿದ್ದಾಗ ಮೇಡಂ ಫೋನು ಕಿವಿಯಲ್ಲಿಟ್ಟುಕೊಂಡೇ ಧಾವಿಸಿ ಬಂದರು.

“ಹಳೇ ಕಟ್ಟಡ, ಹೊಸ ಕಟ್ಟಡ ಅಂತ ಹೆಸರಿಟ್ಟಿದ್ದೀವಲ್ಲ, ಶಾಲೆಯವ್ರಿಗೆ ಅದು ಬೇಡ್ವಂತೆ. ಚಿಕ್ಕ ಮಕ್ಕಳದ್ದು, ದೊಡ್ಡ ಮಕ್ಕಳದ್ದು ಅಂತ ಬೇಕಂತೆ. ಎಲ್ಲಾ ಹಾಳೇಲೂ!”

ಪಟಪಟಿ ರಜೆಯಲ್ಲಿದ್ದಳು. ಬ್ಲೇಡಕ್ಕ ಒಂದು ಲೋಟ ನೀರು ಕುಡಿದು ಕೂತಳು. ಫೈಲುಗಳ ಹೆಸರನ್ನು ಒಂದೊಂದಾಗಿ ಬದಲಿಸಿದಳು, ತೆರೆದಳು, ಪರದೆಯನ್ನು ಹೊಸದಾಗಿ ಬರೆಸಿದಳು. ಒಂದಾದ ಮೇಲೊಂದು ಮೂಲೆಗಳು ಹೇಳಿದ ಮಾತು ಕೇಳಿದವು. ಒಂದು ಹಾಳೆ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಮೆಟ್ಟಿಲಿನದೇ. ಬಗ್ಗಿ ನೋಡಿದರೆ ಅಕ್ಷರದ ಹಿಂದೆ ಬೂದು ಇಲ್ಲ. ಯಾವಾಗಲೋ ಹಳೇ ಚಾಳಿಯಲ್ಲಿ ತಾನೇ ಮೇಲೆ ಟೈಪು ಮಾಡಿಬಿಟ್ಟಿದ್ದಳು. “ಕೈಗಿಷ್ಟು ಬೆಂಕಿ ಹಾಕ” ಎಂದು ತನ್ನನ್ನೇ ಬೈದುಕೊಂಡು, ಅಳಿಸಿ, ಮತ್ತೆ ಜೋಡಿಸಿದಳು. ಪ್ರಿಂಟುಗಳು ಬೆಚ್ಚಗೆ ಹೊರಬಂದವು. ಮೇಡಂ ಪ್ರತಿ ಮೂಲೆಗೂ ಬೆರಳಿಟ್ಟು ನೋಡಿ, ಕಟ್ಟು ಕಟ್ಟಿ ಕಳಿಸಿದರು.

“ನಾಳೆ ಬರೋವಾಗ ಒಂದು ಫೋಟೋ ತನ್ನಿ. ಕಾಯಂ ಮಾಡೋ ಕಾಗದಕ್ಕೆ ಬೇಕು.”

ಬ್ಲೇಡಕ್ಕ ಎದ್ದು ನಿಂತಳು. ಮೇಡಂಗೆ ಕೈ ಮುಗಿದಳು. ಮೆಟ್ಟಿಲಿಳಿಯುತ್ತಲೇ ಪಟಪಟಿಗೆ ಫೋನು ಮಾಡಿ, ಅವಳು ಸಾಕು ಸಾಕು ಎನ್ನುವ ತನಕ ಹರಸಿದಳು. ಆಮೇಲೆ ವೆಲ್ಡರ್ ಅಣ್ಣನಿಗೆ.

“ನಿಮ್ಮಿಂದ ನನ್ನ ಕೆಲಸ ಉಳೀತು ಅಣ್ಣಾ.”

“ನಾನೇನ್ ಮಾಡ್ದೆ ಅಕ್ಕ? ಸೊಂಟ ನೋಯ್ತಿತ್ತು, ಕೂತ್ಕೊಳ್ಳೋಕೆ ಒಂದು ನೆಪ ಬೇಕಿತ್ತು.”

ಮನೆಯಲ್ಲಿ ಗಂಡ ಸುದ್ದಿ ಕೇಳಿ, ಟೀವಿ ಆರಿಸಿ, “ಕೂತ್ಕೋ, ಪಾತ್ರೆ ನಾನು ತೊಳೀತೀನಿ” ಎಂದ.

“ಮಿಕ್ಕಿದ್ದು ತೊಳೀರಿ. ನನ್ನ ಊಟದ ಡಬ್ಬಿ ಮುಟ್ಟಬೇಡಿ. ನೀವು ತೊಳೆದ್ರೆ ಮುಚ್ಚಳದ ರಬ್ಬರ್ ಸಂದೀಲಿ ಎಲ್ಲಾ ಹಾಗೇ ಇರತ್ತೆ. ನಾಳೆಗೆ ಬೇಕು ಅದು.”

ಸೆರಗು ಸಿಕ್ಕಿಸಿ ಸಿಂಕಿನ ಮುಂದೆ ನಿಂತಳು. ಮುಚ್ಚಳದ ರಬ್ಬರು ಬಳೆಯನ್ನು ಉಗುರಿನಿಂದ ಎಬ್ಬಿಸಿ ತೆಗೆದು, ಸಂದನ್ನು ಉಜ್ಜಿ, ನೀರಲ್ಲಿ ಜಾಲಾಡಿ, ಡಬ್ಬಿಯನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು.