ಎಡಕ್ಕೆ ಎಳೆಯುವ ಮಿಷನ್ನು

ಸ್ನೇಹಿತರೇ, ಇವತ್ತು ಸಾದಲಿ ಹತ್ತಿರ ಕೃಷಿ ಹೊಂಡ ತೋಡುವ ಚೈನ್ ಮಿಷನ್ ರಿಪೇರಿಗೆ ಹೋಗಿದ್ದೆ. ನೇರಕ್ಕೆ ಓಡಿಸಿದರೂ ಅದು ಎಡಕ್ಕೇ ತಿರುಗುತ್ತಿತ್ತು. ಚಕ್ರದ ಬದಲು ಎರಡೂ ಕಡೆ ಚೈನಿರುವ ಮಿಷನ್ನು; ಎಡಗಡೆ ಚೈನು ನಿಧಾನ.

ನಾನು ಸ್ಪ್ಯಾನರ್ ತೆಗೆಯುವ ಮೊದಲೇ ಓನರ್ ತೀರ್ಪು ಕೊಟ್ಟಾಗಿತ್ತು. "ಈ ವೆಂಕಟೇಶ ಬಂಡೆ ಮೇಲೆ ಹತ್ತಿಸಿ ಎಡಗಡೆ ಮೋಟ್ರು ಹಾಳು ಮಾಡವ್ನೆ. ನಾಳೆಯಿಂದ ಬರಬೇಡ ಅಂದಿದೀನಿ."

ಆಪರೇಟರ್ ವೆಂಕಟೇಶಪ್ಪ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೂತಿದ್ದರು.

ಇಂಥದ್ದಕ್ಕೆ ನಮ್ಮದೊಂದು ಸರಳ ಪರೀಕ್ಷೆಯಿದೆ. ಎರಡೂ ಕಡೆಯ ಚೈನು ಓಡಿಸುವ ಮೋಟರಿಗೆ ಮೇಲಿನಿಂದ ಆಯಿಲ್ ತರುವ ಪೈಪುಗಳನ್ನು ಅದಲುಬದಲು ಮಾಡಬೇಕು. ಆಮೇಲೂ ಎಡಗಡೆಯೇ ನಿಧಾನವಾದರೆ ಕೆಟ್ಟಿರುವುದು ಕೆಳಗೆ, ಮೋಟರಿನ ಕಡೆ. ದೋಷ ಬಲಕ್ಕೆ ಹೋದರೆ ಮೋಟರು ಸರಿಯಿದೆ, ಕೆಟ್ಟಿರುವುದು ಮೇಲೆ, ಆಯಿಲ್ ಕಳಿಸುವ ಕಡೆ.

ಬದಲಾಯಿಸಿದೆ. ವೆಂಕಟೇಶಪ್ಪ ಹತ್ತಿ ಓಡಿಸಿದರು. ಮಿಷನ್ ಬಲಕ್ಕೆ ತಿರುಗಿತು.

"ನೋಡಿ ಅಣ್ಣ, ಮೋಟ್ರು ಚೆನ್ನಾಗೈತೆ. ಇವ್ರದೇನೂ ತಪ್ಪಿಲ್ಲ," ಎಂದೆ.

ಓನರ್ ಮಿಷನ್ ಕಡೆ ಕೈ ತೋರಿಸಿದರು. "ಎಡಗಡೆ ಸರಿ ಮಾಡಪ್ಪ ಅಂದ್ರೆ, ಚೆನ್ನಾಗಿದ್ದ ಬಲಗಡೆನೂ ಕೆಡಿಸ್ಬಿಟ್ಯಲ್ಲ. ವೆಂಕಟೇಶ, ನಾಳೆ ನೀನು ಬಾ. ಈ ಮೆಕ್ಯಾನಿಕ್ಕು ಬೇಡ."

ಮೇಲೆ ಆಯಿಲ್ ಕಳಿಸುವ ವಾಲ್ವಿನಲ್ಲಿ ಸಿಕ್ಕಿಕೊಂಡಿದ್ದ ಕಸ ತೆಗೆದು, ಪೈಪುಗಳನ್ನು ಮೊದಲಿನಂತೆ ಹಾಕಿಕೊಟ್ಟೆ. ಮಿಷನ್ ನೇರಕ್ಕೆ ಓಡಿತು. ಓನರ್ ಮಾತ್ರ ಹೇಳಿದ ಮಾತು ಬದಲಿಸಲಿಲ್ಲ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಬೆಳಿಗ್ಗೆ ವೆಂಕಟೇಶಪ್ಪನ ಮೇಲಿದ್ದ ತಪ್ಪು ಸಂಜೆಗೆ ನನ್ನ ಮೇಲೆ ಬಂತು. ದೋಷ ಹೀಗೆ ಪಕ್ಕ ಬದಲಾಯಿಸಿದರೆ, ನಮ್ಮ ಪರೀಕ್ಷೆಯ ಪ್ರಕಾರ, ಕೆಳಗಿರುವ ನಾವಿಬ್ಬರೂ ಸರಿಯಿದ್ದೇವೆ.