ಎರಡನೇ ಜಾಯ್‌ಸ್ಟಿಕ್

ಈಗಿನ ವಿಡಿಯೊ ಗೇಮುಗಳು ನನಗೆ ಹಿಡಿಸುವುದಿಲ್ಲ. ಎದುರಾಳಿ ಪಕ್ಕದಲ್ಲಿ ಕೂತಿರುವುದೇ ಇಲ್ಲ. ಇವತ್ತು ಹಳೇ ಡಬ್ಬಿಯಲ್ಲಿ ನಮ್ಮ ಎರಡನೇ ಜಾಯ್‌ಸ್ಟಿಕ್ ಸಿಕ್ಕಿತು. ಗುಂಡಿಗಳ ಸಂದಿಯಲ್ಲಿ ಇನ್ನೂ ಬ್ಯಾಡಗಿ ಮೆಣಸಿನಕಾಯಿಯ ಕೆಂಪು. ಅದು ಗೆಳತಿ ರೇಣುಕಾಳ ಬೆರಳಿನದು. ಶಾಲೆ ಬಿಟ್ಟ ಮೇಲೆ ಅವ್ವನ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸಿ, ಹಾಗೇ ಆಡಲು ಬರುತ್ತಿದ್ದಳು. ಸಿನಿಮಾ ಹಾಡು ಗುನುಗುತ್ತಲೇ ನನ್ನನ್ನು ಸೋಲಿಸುತ್ತಿದ್ದಳು.

ಒಮ್ಮೆ ಆಕೆಯ ಜಾಯ್‌ಸ್ಟಿಕ್ ಮುಟ್ಟಿದ ಕೈಯಿಂದ ಉಜ್ಜಿಕೊಂಡು ನನ್ನ ಕಣ್ಣು ಉರಿಯಿತು. ನಮ್ಮವ್ವ, "ಆಕೀನ ಇನ್ನ ಕರೀಬ್ಯಾಡ" ಅಂದಳು. ಸಂಜೆ ಬಾಗಿಲಲ್ಲೇ ನಿಂತು ರೇಣುಕಾಳಿಗೆ, "ಗೇಮ್ ಕೆಟ್ಟೈತಿ" ಎಂದೆ.

ಮರುದಿನ ಶಾಲೆಯಲ್ಲಿ ಆಕೆ ಒಂದು ವೈರ್ ಕೊಟ್ಟಳು. "ನಮ್ಮಣ್ಣನ ಟಿವಿ ರಿಪೇರಿ ಅಂಗಡ್ಯಾಗಿಂದ ತಂದೇನಿ. ಹಾಕಿ ನೋಡು, ಚಾಲೂ ಆಗ್ತೈತಿ."

ಮುಂದೆ ಒಬ್ಬಳೇ ಆಡಿದೆ. ಪರದೆಯ ಮೇಲೆ ಆಕೆಯ ಆಟಗಾರ ನಿಂತಲ್ಲೇ ನಿಂತು ಏಟು ತಿನ್ನುತ್ತಿದ್ದ. ದಿನಾ ನಾನೇ ಗೆಲ್ಲುತ್ತಿದ್ದೆ.

ವೈರ್ ಕೂಡ ಅದೇ ಡಬ್ಬಿಯಲ್ಲಿದೆ. ಆಕೆ ಸುತ್ತಿದ್ದ ರಬ್ಬರ್ ಬ್ಯಾಂಡನ್ನೂ ನಾನು ಬಿಚ್ಚಿಲ್ಲ.